ಗಣಕಯಂತ್ರ ಮತ್ತು ಚದುರಂಗದ ಕಗ್ಗಂಟು: ‘ಕಾಣಲಿಲ್ಲ’ ಎಂದರೆ ‘ಇಲ್ಲ’ ಎಂದಲ್ಲ

ಅರುವತ್ನಾಲ್ಕು ಮನೆಗಳ ಹಾಸು, ಅದರ ಮೇಲೆ ಹತ್ತು ಹದಿನೈದು ಕಾಯಿಗಳು. ಕೆಳಗೆ ಒಂದೇ ಸಾಲಿನ ಒಕ್ಕಣೆ: ‘ಬಿಳಿಯ ಪಕ್ಷ ಮೊದಲು ಆಡಿ ಮೂರು ನಡೆಗಳಲ್ಲಿ ಚೆಕ್‌ಮೇಟ್ ಮಾಡಬೇಕು’. ಪತ್ರಿಕೆಗಳ ವಾರದ ಪುರವಣಿಗಳಲ್ಲಿ ಪ್ರಕಟವಾಗುತ್ತಿದ್ದ ಇಂತಹ ಸಮಸ್ಯೆಗಳು ತಲೆಮಾರುಗಳ ಕಾಲ ಚದುರಂಗ ಪ್ರಿಯರ ನಿದ್ದೆಗೆಡಿಸಿದ್ದುಂಟು. ಉತ್ತರಕ್ಕಾಗಿ ಮುಂದಿನ ವಾರದ ಸಂಚಿಕೆಯವರೆಗೆ ಕಾಯಬೇಕಿತ್ತು. ಇಂದು ಆ ಕಾಯುವಿಕೆ ಇಲ್ಲ. ಕೈಯಲ್ಲಿರುವ ಮೊಬೈಲ್ ಫೋನಿನಲ್ಲಿ ಕಾಯಿಗಳನ್ನು ಜೋಡಿಸಿ ಗುಂಡಿ ಒತ್ತಿದರೆ ಸಾಕು, ಉತ್ತರ ಕ್ಷಣಾರ್ಧದಲ್ಲಿ ಪರದೆಯ ಮೇಲಿರುತ್ತದೆ.

ಹಾಗಾದರೆ ಚದುರಂಗ ಸಮಸ್ಯೆಗಳ ಕಥೆ ಮುಗಿಯಿತೇ? ಹಾಗೆಂದು ಭಾವಿಸುವವರು ಅನೇಕರಿದ್ದಾರೆ. ಆದರೆ ಯಂತ್ರ ಕೊಡುವ ಉತ್ತರವೆಂದರೇನು, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆ ಅಷ್ಟು ಸರಳವಲ್ಲ. ಗಣಕಯಂತ್ರ ‘ಚೆಕ್‌ಮೇಟ್ ಕಾಣಲಿಲ್ಲ’ ಎಂದಾಗ ‘ಚೆಕ್‌ಮೇಟ್ ಇಲ್ಲ’ ಎಂದು ಅರ್ಥೈಸಿಕೊಳ್ಳುವುದು ಸಾಮಾನ್ಯವಾದ ತಪ್ಪು. ಈ ಎರಡು ಮಾತುಗಳ ನಡುವಿನ ಅಂತರದಲ್ಲಿಯೇ ಸಮಸ್ಯಾ ಚದುರಂಗದ ಜೀವಾಳ ಅಡಗಿದೆ.

ಆಟ ಬೇರೆ, ಸಮಸ್ಯೆ ಬೇರೆ

ಎದುರಾಳಿಯೊಡನೆ ಕುಳಿತು ಆಡುವಾಗ ಗೆದ್ದರೆ ಸಾಕು. ಐದು ನಡೆಗಳಲ್ಲಿ ಗೆಲ್ಲಬಹುದಾದದ್ದನ್ನು ಇಪ್ಪತ್ತು ನಡೆಗಳಲ್ಲಿ ಗೆದ್ದರೂ ಅಂಕ ಒಂದೇ. ಸಮಸ್ಯೆಯಲ್ಲಿ ಹಾಗಿಲ್ಲ. ಹೇಳಿದಷ್ಟೇ ನಡೆಗಳಲ್ಲಿ, ಕಪ್ಪು ಪಕ್ಷ ಯಾವ ರಕ್ಷಣೆಯನ್ನು ಒಡ್ಡಿದರೂ, ಚೆಕ್‌ಮೇಟ್ ಆಗಲೇಬೇಕು. ಅಷ್ಟೇ ಅಲ್ಲ, ಹಾಗೆ ಮಾಡಬಲ್ಲ ಮೊದಲ ನಡೆ ಒಂದೇ ಒಂದು ಇರಬೇಕು. ಅದನ್ನು ಕೀಲಿ ನಡೆ ಎನ್ನುತ್ತಾರೆ. ರಚನಕಾರ ಊಹಿಸಿರದ ಎರಡನೆಯ ಕೀಲಿಯೊಂದು ಪತ್ತೆಯಾದರೆ ಅದಕ್ಕೆ ‘ಕುಕ್’ ಎಂದು ಹೆಸರು. ಅಂತಹ ಸಮಸ್ಯೆ ಎಷ್ಟೇ ಸುಂದರವಾಗಿದ್ದರೂ ದೋಷಯುಕ್ತವೆಂದು ಪರಿಗಣಿತವಾಗುತ್ತದೆ.

ಅಂದರೆ ಪ್ರತಿಯೊಂದು ಸಮಸ್ಯೆಯಲ್ಲಿಯೂ ಎರಡು ಪ್ರಶ್ನೆಗಳಿವೆ. ಪರಿಹಾರ ಇದೆಯೇ ಎಂಬುದು ಮೊದಲನೆಯದು. ಬೇರೆ ಪರಿಹಾರ ಇಲ್ಲವೇ ಎಂಬುದು ಎರಡನೆಯದು. ಮೊದಲನೆಯದಕ್ಕೆ ಒಂದು ದಾರಿ ಸಿಕ್ಕರೆ ಸಾಕು. ಎರಡನೆಯದಕ್ಕೆ ಉಳಿದೆಲ್ಲ ದಾರಿಗಳೂ ಮುಚ್ಚಿವೆ ಎಂದು ಒಂದೊಂದಾಗಿ ತೋರಿಸಬೇಕು. ಮನುಷ್ಯನ ಮನಸ್ಸು ಮೊದಲನೆಯದರಲ್ಲಿ ಪ್ರವೀಣ. ಎರಡನೆಯದರಲ್ಲಿ ಬೇಗ ದಣಿಯುತ್ತದೆ. ಯಂತ್ರಕ್ಕೆ ದಣಿವಿಲ್ಲ.

ಎಣಿಕೆಯ ಭಾರ

ದಣಿವಿಲ್ಲದಿದ್ದರೂ ಕಾಲದ ಮಿತಿಯಂತೂ ಇದೆ. ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1950ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ, ಆಟದ ನಡುಭಾಗದ ಒಂದು ಸ್ಥಿತಿಯಲ್ಲಿ ಸರಾಸರಿ ಸುಮಾರು 30 ನಿಯಮಬದ್ಧ ನಡೆಗಳಿರುತ್ತವೆ ಎಂದು ಲೆಕ್ಕ ಹಾಕಿದ್ದರು. ಈ ಸಂಖ್ಯೆಯನ್ನೇ ಆಧಾರವಾಗಿಟ್ಟುಕೊಂಡು ನೋಡೋಣ. ಎರಡು ನಡೆಗಳ ಚೆಕ್‌ಮೇಟ್ ಎಂದರೆ ಬಿಳಿ, ಕಪ್ಪು, ಮತ್ತೆ ಬಿಳಿ, ಹೀಗೆ ಮೂರು ಸರದಿಗಳು. 30ನ್ನು ಮೂರು ಬಾರಿ ಗುಣಿಸಿದರೆ 27,000 ಸಾಧ್ಯತೆಗಳು. ಮೂರು ನಡೆಗಳ ಸಮಸ್ಯೆಯಲ್ಲಿ ಐದು ಸರದಿಗಳು, ಸಾಧ್ಯತೆಗಳು 2.43 ಕೋಟಿ. ನಾಲ್ಕು ನಡೆಗಳಿಗೆ 2,187 ಕೋಟಿ. ಐದು ನಡೆಗಳಿಗೆ ಅದು 19 ಲಕ್ಷ ಕೋಟಿಯನ್ನು ಮೀರುತ್ತದೆ. ಒಂದೊಂದು ನಡೆ ಹೆಚ್ಚಿದಂತೆಯೂ ಶ್ರಮ ಒಂಬೈನೂರು ಪಟ್ಟು ಬೆಳೆಯುತ್ತದೆ.

ಅದೃಷ್ಟವಶಾತ್ ಎಲ್ಲವನ್ನೂ ನೋಡಬೇಕಾಗಿಲ್ಲ. ಬಿಳಿಯ ಒಂದು ನಡೆಯನ್ನು ತಳ್ಳಿಹಾಕಲು ಕಪ್ಪಿನ ಒಂದು ಸಮರ್ಥ ಉತ್ತರ ಸಾಕು. ಕೊಡ ಸೋರುತ್ತಿದೆ ಎನ್ನಲು ಒಂದು ತೂತು ಸಾಕಾಗುವಂತೆ. ಉಳಿದ 29 ಉತ್ತರಗಳನ್ನು ಪರಿಶೀಲಿಸುವ ಅಗತ್ಯ ಬೀಳುವುದಿಲ್ಲ. ಆಲ್ಫಾ-ಬೀಟಾ ಎಂದು ಹೆಸರಾದ ಹುಡುಕಾಟದ ಕ್ರಮ ಈ ತತ್ತ್ವವನ್ನೇ ಆಧರಿಸಿದೆ. ಸರಿಯಾದ ನಡೆಯನ್ನೇ ಮೊದಲು ಪರೀಕ್ಷಿಸುವ ಅದೃಷ್ಟವಿದ್ದರೆ ಒಟ್ಟು ಶ್ರಮ ಮೂಲ ಸಂಖ್ಯೆಯ ವರ್ಗಮೂಲದ ಹತ್ತಿರಕ್ಕೆ ಇಳಿಯುತ್ತದೆ. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಈ ಉಳಿತಾಯದಲ್ಲಿ ವಂಚನೆಯಿಲ್ಲ. ನೋಡದೆ ಬಿಟ್ಟದ್ದು ಫಲಿತಾಂಶವನ್ನು ಬದಲಿಸಲಾರದು ಎಂಬುದು ತರ್ಕಸಿದ್ಧ.

ಮ್ಯಾಂಚೆಸ್ಟರಿನ ಮೊದಲ ಹೆಜ್ಜೆ

ಗಣಕಯಂತ್ರ ಚದುರಂಗದ ಅಂಗಳಕ್ಕೆ ಕಾಲಿಟ್ಟದ್ದು ಆಟಗಾರನಾಗಿ ಅಲ್ಲ, ಸಮಸ್ಯೆ ಬಿಡಿಸುವವನಾಗಿ ಎಂಬುದು ಬಹುಮಂದಿಗೆ ತಿಳಿಯದ ಸಂಗತಿ. 1951ರ ನವೆಂಬರಿನಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿದ್ದ ಫೆರಾಂಟಿ ಮಾರ್ಕ್ 1 ಯಂತ್ರದ ಮೇಲೆ ಡೀಟ್ರಿಚ್ ಪ್ರಿಂಜ್ ಎಂಬ ವಿಜ್ಞಾನಿ ಎರಡು ನಡೆಗಳ ಚೆಕ್‌ಮೇಟ್ ಹುಡುಕುವ ಕಾರ್ಯಕ್ರಮವನ್ನು ಓಡಿಸಿದರು. ಯಂತ್ರದ ಸ್ಮೃತಿ ಎಷ್ಟು ಕಿರಿದಾಗಿತ್ತೆಂದರೆ ಕ್ಯಾಸಲಿಂಗ್, ಕಾಲಾಳಿನ ಎರಡು ಮನೆಯ ಮೊದಲ ಜಿಗಿತ, ಕಾಲಾಳಿಗೆ ಬಡ್ತಿ ಇವು ಯಾವುವೂ ಅದಕ್ಕೆ ತಿಳಿದಿರಲಿಲ್ಲ. ಚೆಕ್‌ಮೇಟಿಗೂ, ರಾಜನಿಗೆ ಚೆಕ್ ಇಲ್ಲದೆ ಆಡಲು ನಡೆಯೂ ಇಲ್ಲದ ಸ್ಟೇಲ್‌ಮೇಟಿಗೂ ಭೇದವನ್ನು ಸಹ ಅದು ಅರಿತಿರಲಿಲ್ಲ. ಒಂದು ಸಮಸ್ಯೆಗೆ ಹಿಡಿದ ಕಾಲ ಸುಮಾರು ಹದಿನೈದು ನಿಮಿಷ. ನುರಿತ ಆಟಗಾರ ಅದಕ್ಕಿಂತ ಬೇಗ ಬಿಡಿಸಿಯಾನು. ಆದರೂ ಪ್ರಿಂಜ್ ಅವರ ಯಂತ್ರ ಪ್ರತಿಯೊಂದು ನಡೆಯನ್ನೂ ಪರೀಕ್ಷಿಸುತ್ತಿತ್ತು. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಎಂದು ಹೇಳುವ ಅಧಿಕಾರ, ತನಗೆ ಗೊತ್ತಿದ್ದ ನಿಯಮಗಳ ಮಟ್ಟಿಗೆ, ಅದಕ್ಕೆ ಇತ್ತು.

ಪ್ರಬಲ ಯಂತ್ರಗಳೇಕೆ ಎಡವುತ್ತವೆ?

ಅಲ್ಲಿಂದ 1997ರವರೆಗಿನ ದಾರಿ ಎಲ್ಲರಿಗೂ ಪರಿಚಿತ. ಆ ವರ್ಷ ಐಬಿಎಂ ಸಂಸ್ಥೆಯ ಡೀಪ್ ಬ್ಲೂ, ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಪರಿಶೀಲಿಸುತ್ತಾ ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೋವ್ ಅವರನ್ನು ಸೋಲಿಸಿತು. ಇಂದು ಉಚಿತವಾಗಿ ದೊರೆಯುವ ಸ್ಟಾಕ್‌ಫಿಶ್ ತಂತ್ರಾಂಶ ಯಾವ ಮನುಷ್ಯನಿಗೂ ನಿಲುಕದಷ್ಟು ಬಲಶಾಲಿ. ಇಷ್ಟಿದ್ದೂ ಆಡುವ ಯಂತ್ರಗಳು ಕೆಲವು ಚೆಕ್‌ಮೇಟ್ ಸಮಸ್ಯೆಗಳ ಮುಂದೆ ತಡವರಿಸುತ್ತವೆ. ಕಾರಣ ಅವುಗಳ ದೌರ್ಬಲ್ಯವಲ್ಲ, ಅವುಗಳ ಜಾಣತನ.

ಆಡುವ ಯಂತ್ರದ ಗುರಿ ಒಳ್ಳೆಯ ನಡೆಯನ್ನು ಬೇಗ ಕಂಡುಕೊಳ್ಳುವುದು. ಅದಕ್ಕಾಗಿ ಅದು ನಿಷ್ಪ್ರಯೋಜಕವೆಂದು ತೋರುವ ಕವಲುಗಳನ್ನು ಆಳಕ್ಕೆ ಇಳಿಯದೆಯೇ ಕತ್ತರಿಸಿ ಹಾಕುತ್ತದೆ. ಇದು ಆಲ್ಫಾ-ಬೀಟಾದಂತೆ ತರ್ಕಸಿದ್ಧವಾದ ಉಳಿತಾಯವಲ್ಲ, ಒಂದು ಅಂದಾಜು. ಅಂತಹ ಅಂದಾಜುಗಳಲ್ಲೊಂದು ಹೀಗಿದೆ: ‘ನನ್ನ ಸರದಿಯನ್ನು ಬಿಟ್ಟುಕೊಟ್ಟರೂ ನನ್ನ ಸ್ಥಿತಿ ಚೆನ್ನಾಗಿದ್ದರೆ, ನಿಜವಾಗಿ ಆಡಿದಾಗ ಇನ್ನೂ ಚೆನ್ನಾಗಿರುತ್ತದೆ, ಆದ್ದರಿಂದ ಈ ಕವಲನ್ನು ಹೆಚ್ಚು ನೋಡಬೇಕಿಲ್ಲ’. ನಿತ್ಯದ ಆಟದಲ್ಲಿ ಇದು ನಿಜ. ಆದರೆ ಸಮಸ್ಯೆಗಳಲ್ಲಿ ಕಪ್ಪು ಪಕ್ಷ ಸೋಲುವುದು ಎಷ್ಟೋ ಬಾರಿ ಆಡಲೇಬೇಕಾದ ಸಂಕಟದಿಂದ. ಸುಮ್ಮನಿರಲು ಸಾಧ್ಯವಿದ್ದರೆ ಕ್ಷೇಮ, ಏನನ್ನು ಕದಲಿಸಿದರೂ ಕೋಟೆ ಬಿರುಕು ಬಿಡುತ್ತದೆ. ಜರ್ಮನ್ ಭಾಷೆಯಿಂದ ಬಂದ ಝುಗ್‌ಝ್ವಾಂಗ್ ಎಂಬ ಹೆಸರು ಇದಕ್ಕೆ ಜಗತ್ತಿನಾದ್ಯಂತ ರೂಢಿಯಲ್ಲಿದೆ. ಸರದಿ ಬಿಟ್ಟರೂ ನಷ್ಟವಿಲ್ಲ ಎಂದು ನಂಬಿದ ಯಂತ್ರ ಇಂತಹ ಕಡೆ ದಾರಿ ತಪ್ಪುವುದು ಸಹಜ.

ಇನ್ನೊಂದು ಅಂದಾಜು: ಚೆಕ್ ಕೊಡುವ, ಕಾಯಿ ಹೊಡೆಯುವ ನಡೆಗಳನ್ನು ಮೊದಲು ನೋಡು, ಸದ್ದಿಲ್ಲದ ನಡೆಗಳನ್ನು ಕೊನೆಗೆ, ಕಡಿಮೆ ಆಳದಲ್ಲಿ ನೋಡು. ಸಮಸ್ಯೆಗಳ ರಚನಕಾರರಿಗೆ ಪ್ರಿಯವಾದುದು ಸದ್ದಿಲ್ಲದ ನಡೆಯೇ. ಅಮೆರಿಕದ ಸ್ಯಾಮ್ ಲಾಯ್ಡ್ ರಚಿಸಿ, 1861ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ‘ಎಕ್ಸೆಲ್ಸಿಯರ್’ ಎಂಬ ಐದು ನಡೆಗಳ ಸಮಸ್ಯೆ ಇದಕ್ಕೆ ಶ್ರೇಷ್ಠ ನಿದರ್ಶನ. ಯಾವ ಕಾಯಿ ಚೆಕ್‌ಮೇಟ್ ಮಾಡಲಾರದೆಂದು ನಿನಗೆ ತೋರುತ್ತದೆಯೋ ಅದನ್ನು ಆರಿಸು ಎಂದು ಲಾಯ್ಡ್ ಗೆಳೆಯನೊಬ್ಬನಿಗೆ ಪಂಥ ಕಟ್ಟಿದರಂತೆ. ಆತ ತನ್ನ ಮೂಲಸ್ಥಾನದಿಂದ ಕದಲಿಯೇ ಇರದ ಕಾಲಾಳೊಂದನ್ನು ಆರಿಸಿದ. ಆ ಕಾಲಾಳೇ ಮೊದಲ ನಡೆಯಲ್ಲಿ ಎರಡು ಮನೆ ಮುಂದೆ ಸರಿದು, ಆನೆಯನ್ನು ಹೊಡೆದು, ಮತ್ತೊಂದು ಹೆಜ್ಜೆಯಿಟ್ಟು, ಎದುರಾಳಿಯ ಕಾಲಾಳನ್ನು ಹೊಡೆದು, ಐದನೆಯ ನಡೆಯಲ್ಲಿ ಕುದುರೆಯನ್ನು ಹೊಡೆದು ರಾಣಿಯಾಗಿ, ಕರ್ಣರೇಖೆಯ ಇನ್ನೊಂದು ತುದಿಯಲ್ಲಿರುವ ರಾಜನಿಗೆ ಚೆಕ್‌ಮೇಟ್ ಕೊಡುತ್ತದೆ. ಐದು ನಡೆಗಳಷ್ಟೇ ಆಳವಿರುವುದರಿಂದ ಇಂದಿನ ತಂತ್ರಾಂಶಗಳು ಇದನ್ನು ಕಣ್ಣು ಮಿಟುಕಿಸುವುದರೊಳಗೆ ಬಿಡಿಸುತ್ತವೆ. ಇದೇ ಬಗೆಯ ನಡೆ ಹದಿನೈದು ಇಪ್ಪತ್ತು ನಡೆಗಳ ಆಳದಲ್ಲಿ ಹುದುಗಿದ್ದರೆ ಕಷ್ಟ ಆರಂಭವಾಗುತ್ತದೆ.

ಹಾಲೆಂಡಿನ ಖೈಸ್ ಫಾನ್ ಬ್ರೋಕೆಲನ್ ರಚಿಸಿದ, ‘ಪ್ಲಾಸ್ಕೆಟ್ ಕಗ್ಗಂಟು’ ಎಂದು ಹೆಸರಾದ ರಚನೆಯಲ್ಲಿ ಎಂಟನೆಯ ಸಾಲು ಮುಟ್ಟಿದ ಬಿಳಿಯ ಕಾಲಾಳು ರಾಣಿಯಾಗದೆ ಕುದುರೆಯಾಗಬೇಕು. ಅದರ ಫಲ ಕಾಣುವುದು ಎಷ್ಟೋ ನಡೆಗಳ ಅನಂತರ, ಚೆಕ್‌ಮೇಟಿನಲ್ಲಿ. 1987ರಲ್ಲಿ ಬ್ರಸೆಲ್ಸ್ ನಗರದ ಪಂದ್ಯಾವಳಿಯ ವೇಳೆ ಇಂಗ್ಲೆಂಡಿನ ಜೇಮ್ಸ್ ಪ್ಲಾಸ್ಕೆಟ್ ಇದನ್ನು ಗ್ರಾಂಡ್‌ಮಾಸ್ಟರುಗಳ ಮುಂದಿಟ್ಟಾಗ ಬಿಡಿಸಿದವರು ಮಾಜಿ ವಿಶ್ವ ಚಾಂಪಿಯನ್ ಮಿಖಾಯಿಲ್ ತಾಲ್ ಒಬ್ಬರೇ. 2022ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಎರಡು ಪ್ರಮುಖ ಯಂತ್ರಗಳನ್ನು ಇದರ ಮೇಲೆ ಪರೀಕ್ಷಿಸಿತು. ವಿಪುಲ ಸಂಖ್ಯೆಯ ಸ್ಥಿತಿಗಳನ್ನು ಶೋಧಿಸುವ ಸ್ಟಾಕ್‌ಫಿಶ್, ಕಲಿತ ಅನುಭವದಿಂದ ಆಯ್ದ ಕವಲುಗಳನ್ನಷ್ಟೇ ನೋಡುವ ಲೀಲಾ ಚೆಸ್ ಝೀರೋಗಿಂತ ಮೇಲುಗೈ ಸಾಧಿಸಿತು. ಆಟದಲ್ಲಿ ಸರಿಸಮಾನವೆನ್ನಬಹುದಾದ ಯಂತ್ರಗಳು ಸಮಸ್ಯೆಯ ಮುಂದೆ ಸರಿಸಮಾನವಾಗಿರಲಿಲ್ಲ.

ಸಾಧಿಸುವುದಕ್ಕೆಂದೇ ಹುಟ್ಟಿದ ವಿಧಾನ

ಆದ್ದರಿಂದಲೇ ಸಮಸ್ಯೆಗಳಿಗಾಗಿ ಬೇರೆಯೇ ತಂತ್ರಾಂಶಗಳು ಬಳಕೆಯಲ್ಲಿವೆ. 1980ರ ದಶಕದಲ್ಲಿ ಹುಟ್ಟಿ ಇಂದಿಗೂ ಉಚಿತವಾಗಿ ಲಭ್ಯವಿರುವ ಪಾಪೈ, ಜರ್ಮನಿಯ ಹೈನರ್ ಮಾರ್ಕ್ಸನ್ ಅವರ ಚೆಸ್ಟ್ ಮುಂತಾದವು ಚದುರಂಗವನ್ನು ಆಡುವುದೇ ಇಲ್ಲ. ಕೇಳಿದಷ್ಟು ನಡೆಗಳೊಳಗೆ ಇರುವ ಎಲ್ಲ ಕೀಲಿಗಳನ್ನೂ ಹುಡುಕಿ, ಪ್ರತಿಯೊಂದು ರಕ್ಷಣೆಗೂ ಉತ್ತರವನ್ನು ಪಟ್ಟಿಮಾಡಿ ಒಪ್ಪಿಸುವುದಷ್ಟೇ ಅವುಗಳ ಕೆಲಸ. ಅವು ನಿಧಾನ, ಆದರೆ ಹುಡುಕಾಟ ಪೂರ್ಣಗೊಂಡು ‘ಪರಿಹಾರವಿಲ್ಲ’ ಎಂದರೆ ಅದು ಅಂದಾಜಲ್ಲ, ತೀರ್ಪು.

ಹುಡುಕಾಟವನ್ನು ಚುರುಕುಗೊಳಿಸುವ ಒಂದು ಸೊಗಸಾದ ಉಪಾಯವನ್ನು ಹಾಲೆಂಡಿನ ವಿಕ್ಟರ್ ಆಲಿಸ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದರು. ಪ್ರತಿಯೊಂದು ಸ್ಥಿತಿಗೂ ಎರಡು ಅಂಕೆಗಳನ್ನು ಕಟ್ಟಲಾಗುತ್ತದೆ. ಇಲ್ಲಿ ಚೆಕ್‌ಮೇಟ್ ಇದೆಯೆಂದು ಸಾಧಿಸಲು ಇನ್ನು ಕನಿಷ್ಠ ಎಷ್ಟು ಸ್ಥಿತಿಗಳನ್ನು ಇತ್ಯರ್ಥಪಡಿಸಬೇಕು ಎಂಬುದು ಒಂದು. ಇಲ್ಲವೆಂದು ಸಾಧಿಸಲು ಎಷ್ಟು ಎಂಬುದು ಇನ್ನೊಂದು. ಯಾವ ಕವಲಿನಲ್ಲಿ ಬಾಕಿ ಕೆಲಸ ಅತ್ಯಲ್ಪವೋ ಅತ್ತ ಯಂತ್ರ ತಿರುಗುತ್ತದೆ. ಕಪ್ಪು ರಾಜನಿಗೆ ಓಡಲು ಹತ್ತು ದಾರಿಗಳಿರುವ ಕವಲಿಗಿಂತ ಒಂದೇ ದಾರಿಯಿರುವ ಕವಲು ಅದಕ್ಕೆ ಪ್ರಿಯ. ಒತ್ತಾಯದ ನಡೆಗಳ ಸರಪಳಿ ಎಷ್ಟು ಉದ್ದವಾದರೂ ಅದರ ಬೆನ್ನು ಹತ್ತಲು ಇದರಿಂದ ಸಾಧ್ಯವಾಯಿತು.

ಇದರ ಬೆರಗಿನ ಫಲ ಕಂಡುಬಂದದ್ದು ಚದುರಂಗದ ಸೋದರನಾದ ಜಪಾನಿನ ಶೋಗಿಯಲ್ಲಿ. ಅಲ್ಲಿನ ಚೆಕ್‌ಮೇಟ್ ಸಮಸ್ಯೆಗಳಲ್ಲಿ ಆಕ್ರಮಣಕಾರನ ಪ್ರತಿ ನಡೆಯೂ ಚೆಕ್ ಆಗಿರಬೇಕೆಂಬ ನಿಯಮವಿದೆ. ‘ಮೈಕ್ರೋಕಾಸ್ಮಾಸ್’ ಎಂಬ ಸಮಸ್ಯೆಯ ಪರಿಹಾರ, ಎರಡೂ ಕಡೆಯ ನಡೆಗಳು ಸೇರಿ, 1525 ನಡೆಗಳಷ್ಟು ದೀರ್ಘ. 1990ರ ದಶಕದ ಉತ್ತರಾರ್ಧದಲ್ಲಿ ಮಸಾಹಿರೊ ಸೆಯೊ ಅವರ ತಂತ್ರಾಂಶ ಇದೇ ತತ್ತ್ವದ ಬಲದಿಂದ ಅದನ್ನು ಬಿಡಿಸಿತು. ನಮ್ಮ ಚದುರಂಗದ ಸಮಸ್ಯೆಗಳಲ್ಲಿ ಚೆಕ್ ಕೊಡದ ನಡೆಗಳೂ ಇರುವುದರಿಂದ ಕವಲುಗಳು ಬೇಗ ಹರಡಿಕೊಳ್ಳುತ್ತವೆ. ಅಷ್ಟು ಉದ್ದದ ಸರಪಳಿ ಸುಲಭವಾಗಿ ಕೈಗೆಟುಕದು.

ಅಂತ್ಯದಿಂದ ಆರಂಭಕ್ಕೆ

ಮುಂದಕ್ಕೆ ಹುಡುಕುವುದನ್ನೇ ಬಿಟ್ಟು ಹಿಂದಕ್ಕೆ ನಡೆಯುವ ಮಾರ್ಗವೂ ಇದೆ. ಕಾಯಿಗಳ ಸಂಖ್ಯೆ ಕಡಿಮೆಯಿದ್ದಾಗ ಎಲ್ಲ ಚೆಕ್‌ಮೇಟ್ ಸ್ಥಿತಿಗಳನ್ನೂ ಮೊದಲು ಪಟ್ಟಿಮಾಡಿ, ಅವುಗಳಿಗೆ ಒಂದು ನಡೆ ಹಿಂದಿನವು ಯಾವುವು, ಎರಡು ನಡೆ ಹಿಂದಿನವು ಯಾವುವು ಎಂದು ಹಿಮ್ಮುಖವಾಗಿ ಗುರುತಿಸುತ್ತಾ ಹೋಗುವುದು. ಯೂನಿಕ್ಸ್ ಖ್ಯಾತಿಯ ಕೆನ್ ಥಾಂಪ್ಸನ್ ಈ ಕ್ಷೇತ್ರದ ಆದ್ಯರಲ್ಲೊಬ್ಬರು. 2012ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದ ಲೊಮೊನೊಸೊವ್ ಸೂಪರ್ ಕಂಪ್ಯೂಟರ್ ರಾಜರಿಬ್ಬರೂ ಸೇರಿ ಏಳು ಕಾಯಿಗಳ ಸ್ಥಿತಿಗಳ ಕೋಷ್ಟಕವನ್ನು ಸಿದ್ಧಪಡಿಸಿತು. ಅದರ ಗಾತ್ರ ಸುಮಾರು 140 ಟೆರಾಬೈಟ್. ರಾಣಿ ಮತ್ತು ಕಾಲಾಳು ಒಂದು ಕಡೆ, ಆನೆ, ಒಂಟೆ ಮತ್ತು ಕುದುರೆ ಇನ್ನೊಂದು ಕಡೆ ಇರುವ ಒಂದು ಸ್ಥಿತಿಯಲ್ಲಿ, ಇಬ್ಬರೂ ತಪ್ಪಿಲ್ಲದೆ ಆಡಿದರೆ, ಚೆಕ್‌ಮೇಟ್ ಆಗುವುದು 549ನೆಯ ನಡೆಯಲ್ಲಿ. ಕೋಷ್ಟಕಕ್ಕೆ ಒಳಪಟ್ಟ ಸ್ಥಿತಿಗಳಲ್ಲಿ ಸಂಶಯಕ್ಕೆ ಎಡೆಯೇ ಇಲ್ಲ. ಆ ಎಲ್ಲೆಯ ಹೊರಗೆ ಮಾತ್ರ ಹುಡುಕಾಟ ಅನಿವಾರ್ಯ.

ಮೈಸೂರಿನ ಅರಸರ ಕುದುರೆ

ಪೂರ್ಣ ಪರಿಶೀಲನೆಯಿಂದ ‘ಇಲ್ಲ’ ಎಂದು ಸಾಧಿಸುವ ಈ ಕ್ರಮ ಕನ್ನಡ ನಾಡಿಗೆ ಸಂಬಂಧಿಸಿದ ಹಳೆಯ ಕುತೂಹಲವೊಂದನ್ನೂ ಮುಟ್ಟಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚದುರಂಗದಲ್ಲಿ, ಅದರಲ್ಲಿಯೂ ಕುದುರೆಯ ನಡೆಯ ವಿನ್ಯಾಸಗಳಲ್ಲಿ, ಅಪಾರ ಆಸಕ್ತಿಯುಳ್ಳವರಾಗಿದ್ದರು. ಕುದುರೆ 64 ಮನೆಗಳನ್ನೂ ಒಂದೊಂದು ಬಾರಿ ಮುಟ್ಟುವಂತೆ ನಡೆಸಿ, ಮುಟ್ಟಿದ ಕ್ರಮದಲ್ಲಿ 1ರಿಂದ 64ರವರೆಗೆ ಅಂಕೆಗಳನ್ನು ಬರೆದಾಗ, ಅಡ್ಡಸಾಲು ಕಂಬಸಾಲುಗಳ ಮೊತ್ತ ಎಲ್ಲೆಡೆ 260 ಬರುವಂತೆ ಮಾಡುವುದು ಈ ಕಲೆಯ ಸೊಗಸು. ಎರಡು ಕರ್ಣಗಳ ಮೊತ್ತವೂ 260 ಬರಲು ಸಾಧ್ಯವೇ? ಒಂದೂವರೆ ಶತಮಾನ ಕಾಲ ಆಸಕ್ತರು ಹುಡುಕಿದರು, ಯಾರಿಗೂ ಸಿಗಲಿಲ್ಲ. ಇರಬಹುದೆಂಬ ಆಸೆ ಮಾತ್ರ ಉಳಿದಿತ್ತು. 2003ರ ಆಗಸ್ಟಿನಲ್ಲಿ, ಎರಡು ತಿಂಗಳಿಗೂ ಹೆಚ್ಚು ಕಾಲದ ಗಣನೆಯ ಬಳಿಕ, ಉತ್ತರ ದೊರೆಯಿತು. ಸಾಲುಗಳು ಹೊಂದುವ ಮೂಲ ವಿನ್ಯಾಸಗಳು ಒಟ್ಟು 140. ಕರ್ಣಗಳೂ ಹೊಂದುವಂಥದು ಒಂದೂ ಇಲ್ಲ. ಸಿಗಲಿಲ್ಲ ಎಂಬ ಹಳೆಯ ಮಾತು ಅಂದು ಇಲ್ಲ ಎಂಬ ಮಾತಾಯಿತು.

ಬಳಸುವವರು ಗಮನಿಸಬೇಕಾದುದು

ಮನೆಯಲ್ಲಿ ಸಮಸ್ಯೆಗಳನ್ನು ಯಂತ್ರಕ್ಕೊಪ್ಪಿಸುವ ಆಸಕ್ತರು ಕೆಲವು ಸಂಗತಿಗಳನ್ನು ನೆನಪಿನಲ್ಲಿಡುವುದೊಳ್ಳೆಯದು. ಆಡುವ ಯಂತ್ರ ‘ಏಳು ನಡೆಗಳಲ್ಲಿ ಚೆಕ್‌ಮೇಟ್’ ಎಂದು ತೋರಿಸಿದರೆ ಚೆಕ್‌ಮೇಟ್ ಇದೆಯೆಂಬುದನ್ನು ಸಾಮಾನ್ಯವಾಗಿ ನಂಬಬಹುದು. ಅದೇ ಅತ್ಯಂತ ಹ್ರಸ್ವವಾದುದೆಂದು ನಂಬಲಾಗದು. ಇನ್ನಷ್ಟು ಕಾಲ ಕೊಟ್ಟರೆ ಏಳು ಐದಾದೀತು. ಏನನ್ನೂ ತೋರಿಸದಿದ್ದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ. ಕೀಲಿ ಒಂದೇ ಎಂದು ಖಚಿತಪಡಿಸಿಕೊಳ್ಳಲು ಪಾಪೈನಂತಹ ತಂತ್ರಾಂಶವೇ ಬೇಕು.

ಚಿತ್ರದಲ್ಲಿ ಕಾಣದ ನಿಯಮಗಳೂ ಇವೆ. ಸಮಸ್ಯೆಗಳಲ್ಲಿ ಕ್ಯಾಸಲಿಂಗ್ ಅಸಾಧ್ಯವೆಂದು ಸಾಧಿಸಲಾಗದಿದ್ದರೆ ಅದಕ್ಕೆ ಅವಕಾಶ ಉಂಟೆಂದೇ ಭಾವಿಸಬೇಕು. ಕಾಲಾಳನ್ನು ಪಕ್ಕದಿಂದ ಹೊಡೆಯುವ ಆನ್ ಪಾಸಾನ್ ನಡೆಗೆ ಇದಕ್ಕೆ ವಿರುದ್ಧವಾದ ಕ್ರಮ: ಹಿಂದಿನ ನಡೆ ಆ ಕಾಲಾಳಿನ ಎರಡು ಮನೆಯ ಜಿಗಿತವೇ ಎಂದು ಸಾಧಿಸಿದರೆ ಮಾತ್ರ ಅದನ್ನು ಮೊದಲ ನಡೆಯಾಗಿ ಆಡಬಹುದು. ಇವನ್ನು ಯಂತ್ರಕ್ಕೆ ನಾವೇ ತಿಳಿಸಬೇಕು. ತಪ್ಪು ಪ್ರಶ್ನೆಗೆ ಯಂತ್ರ ಕೊಡುವ ಉತ್ತರವೂ ತಪ್ಪೇ.

ಉಳಿದದ್ದೇನು?

ಯಂತ್ರದ ಆಗಮನದಿಂದ ನಷ್ಟವೂ ಆಗಿದೆ. ಹಿಂದಿನ ರಚನಕಾರರು ತಿಂಗಳುಗಟ್ಟಲೆ ಕೈಯಾರೆ ಪರೀಕ್ಷಿಸಿ ಪ್ರಕಟಿಸಿದ ಎಷ್ಟೋ ಸಮಸ್ಯೆಗಳಲ್ಲಿ ಅವರ ಕಾಲಾನಂತರ ಎರಡನೆಯ ಕೀಲಿಗಳು ಪತ್ತೆಯಾಗಿವೆ. ತಿದ್ದಲು ಅವರಿಲ್ಲ. ಇಂದಿನ ರಚನಕಾರನಿಗೆ ಆ ಭಯವಿಲ್ಲ. ಯಂತ್ರದಿಂದ ಪರಿಶೀಲಿತವಾದ ಸಮಸ್ಯೆಯ ಕೆಳಗೆ ‘ಸಿ+’ ಎಂಬ ಗುರುತು ಮುದ್ರಿತವಾಗುತ್ತದೆ.

ಆದರೆ ಯಂತ್ರ ಹೇಳದ ಮಾತೊಂದಿದೆ. 1845ರಲ್ಲಿ ದೆಹಲಿಯಿಂದ ‘ಶಾಗಿರ್ದ್’ ಎಂಬ ಗುಪ್ತನಾಮದಲ್ಲಿ ಲಂಡನ್ನಿನ ಪತ್ರಿಕೆಯೊಂದಕ್ಕೆ ನಾಲ್ಕು ನಡೆಗಳ ಒಂದು ಸಮಸ್ಯೆ ಹೋಯಿತು. ಕಳುಹಿಸಿದವರು ಅಲ್ಲಿದ್ದ ಇಂಗ್ಲಿಷ್ ಪಾದ್ರಿ ಎಚ್.ಎ. ಲವ್‌ಡೇ. ಬಿಳಿಯ ಒಂಟೆ ದೂರದ ಮೂಲೆಗೆ ಸರಿಯುತ್ತದೆ. ಅದರ ದಾರಿಗೆ ಅಡ್ಡವಾಗಿ ಬಿಳಿಯ ಆನೆಯೇ ಬಂದು ನಿಲ್ಲುತ್ತದೆ. ಸ್ಟೇಲ್‌ಮೇಟಿನಿಂದ ಬಿಡುಗಡೆ ಪಡೆದ ಕಪ್ಪು ರಾಜ ಒಂದು ಹೆಜ್ಜೆಯಿಡುತ್ತಲೇ ಆನೆ ಸರಿದು, ಒಂಟೆಯ ದಾರಿ ತೆರೆದು, ಚೆಕ್‌ಮೇಟ್. ಯಂತ್ರಕ್ಕೆ ಇದು ನಾಲ್ಕು ನಡೆಗಳ ಒಂದು ಸರಣಿ ಮಾತ್ರ. ತನ್ನ ದಾರಿಯನ್ನು ತಾನೇ ಮುಚ್ಚಿಕೊಂಡು ಗೆಲ್ಲುವ ವಿಚಾರವನ್ನು ಅದರಲ್ಲಿ ಕಂಡು, ‘ಇಂಡಿಯನ್ ಥೀಮ್’ ಎಂದು ಹೆಸರಿಟ್ಟು, ಅದರ ಮೇಲೆ ನೂರಾರು ಹೊಸ ರಚನೆಗಳನ್ನು ಕಟ್ಟಿದವರು ಮನುಷ್ಯರು.

ಈ ಕಾರಣದಿಂದಲೇ 1977ರಲ್ಲಿ ಆರಂಭವಾದ ವಿಶ್ವ ಸಮಸ್ಯಾ ಪರಿಹಾರ ಸ್ಪರ್ಧೆಗಳು ಯಂತ್ರಗಳ ಈ ಯುಗದಲ್ಲಿಯೂ ನಡೆದುಕೊಂಡು ಬಂದಿವೆ. ಸ್ಪರ್ಧಿಗಳ ಮುಂದೆ ಹಾಸು, ಕಾಯಿಗಳು, ಗಡಿಯಾರ ಬಿಟ್ಟರೆ ಬೇರೇನೂ ಇಲ್ಲ. 2004, 2007 ಮತ್ತು 2010ರಲ್ಲಿ ವೈಯಕ್ತಿಕ ಪ್ರಶಸ್ತಿ ಗೆದ್ದ ಇಂಗ್ಲೆಂಡಿನ ಗ್ರಾಂಡ್‌ಮಾಸ್ಟರ್ ಜಾನ್ ನನ್, ಗಣಕಯಂತ್ರದ ಕೋಷ್ಟಕಗಳನ್ನು ಅಧ್ಯಯನ ಮಾಡಿ ಆಟದ ಅಂತ್ಯಭಾಗದ ಕುರಿತು ಗ್ರಂಥ ಬರೆದವರೂ ಹೌದು. ಯಂತ್ರವನ್ನು ಬಲ್ಲವರಿಗೆ ಅದನ್ನು ಬದಿಗಿಟ್ಟು ಯೋಚಿಸುವುದೂ ತಿಳಿದಿರುತ್ತದೆ ಎಂಬುದಕ್ಕೆ ಅವರೇ ಸಾಕ್ಷಿ.

ಚದುರಂಗ ಕಲಿಯುವ ಮಕ್ಕಳಿಗೂ, ಕಲಿಸುವ ಹಿರಿಯರಿಗೂ ಇದರಲ್ಲೊಂದು ಪಾಠವಿದೆ. ಸಮಸ್ಯೆಯೊಡನೆ ಅರ್ಧ ಗಂಟೆಯಾದರೂ ಸೆಣಸಿದ ಮೇಲೆ ಯಂತ್ರವನ್ನು ಕೇಳಬಹುದು. ಆಗ ಅದು ಕೊಡುವ ಉತ್ತರದಲ್ಲಿ ನಮ್ಮ ಯೋಚನೆ ಎಲ್ಲಿ ತಪ್ಪಿತೆಂಬುದೂ ಕಾಣುತ್ತದೆ. ಮೊದಲೇ ಕೇಳಿದವರಿಗೆ ಕೀಲಿ ನಡೆ ತಿಳಿಯುತ್ತದೆ, ಉಳಿದ ನಡೆಗಳೇಕೆ ಕೀಲಿಯಲ್ಲ ಎಂಬುದು ತಿಳಿಯುವುದಿಲ್ಲ.